ಎಸರು ಕುದಿಯುವಾಗ ಓದಿದ್ದು

ದೀಪಾವಳಿ ಕಳೆದ ಮರುವಾರ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಹೆಂಡತಿ ಬೆಳಗ್ಗೆ ಏಳೂವರೆಗೆ ಆಫೀಸಿನ ಕ್ಯಾಬ್ ಹತ್ತಬೇಕು, ನನ್ನದು ಮನೆಯಿಂದಲೇ ಕೆಲಸ. ಯಾರೂ ಕೂತು ತೀರ್ಮಾನ ಮಾಡಲಿಲ್ಲ, ಅಡುಗೆಮನೆ ತಾನಾಗಿ ನನ್ನ ತಲೆಗೆ ಬಂತು. ವಯಸ್ಸು 47. ಬರುತ್ತಿದ್ದದ್ದು ಕಾಫಿ, ಉಪ್ಪಿಟ್ಟು, ಆಮ್ಲೆಟ್ ಅಷ್ಟೇ. ಅಮ್ಮ ಅಡುಗೆಮನೆ ಬಾಗಿಲಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಮುರಿದ ಕೈಯನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಟ್ರಾಫಿಕ್ ಪೊಲೀಸ್ ಥರ ಕೂತು, ಬೇಳೆಗೆ ಒಂದು ತೊಟ್ಟು ಎಣ್ಣೆ ಬಿಡೋ, ಇಲ್ಲದಿದ್ರೆ ಉಕ್ಕುತ್ತೆ ಅಂತ ಹೇಳಿಕೊಡುತ್ತಿದ್ದಳು.

ಅಡುಗೆ ಅಂದರೆ ಮಾಡುವುದಕ್ಕಿಂತ ಕಾಯುವುದೇ ಜಾಸ್ತಿ ಅಂತ ನನಗೆ ಗೊತ್ತೇ ಇರಲಿಲ್ಲ. ಬೇಳೆ ಬೇಯಬೇಕು, ಎಸರು ಕುದಿಯಬೇಕು, ಕುಕ್ಕರ್ ಕೂಗಿದ ಮೇಲೆ ಪ್ರೆಶರ್ ಇಳಿಯಬೇಕು. ಆ ಹೊತ್ತಲ್ಲಿ ಮೊಬೈಲ್ ಹಿಡಿದರೆ ಒಗ್ಗರಣೆ ಸೀಯುತ್ತೆ. ಎರಡು ಸಲ ಸೀಯಿಸಿದೆ. ಪುಸ್ತಕ ಹಿಡಿದರೆ ಯಾಕೋ ಸೀಯಲಿಲ್ಲ. ಹಾಗೆ ಶುರುವಾಯಿತು. ಸ್ವಲ್ಪ ದಿನಕ್ಕೆ ಅಮ್ಮ, ಒಬ್ಬನೇ ಏನು ಗುಟ್ಟಾಗಿ ಓದ್ತೀಯ, ಗಟ್ಟಿಯಾಗಿ ಓದು ಅಂದಳು. ಅವಳು ಎಸ್ಸೆಸ್ಸೆಲ್ಸಿ ಪಾಸು. ವಾರಪತ್ರಿಕೆಯ ಧಾರಾವಾಹಿಗಳನ್ನೆಲ್ಲ ಹರಿದು, ಹೊಲಿದು, ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಕಾಲದವಳು. ಹಾಗಾಗಿ ಇಲ್ಲಿರುವ ಅಭಿಪ್ರಾಯಗಳಲ್ಲಿ ಯಾವುದು ನನ್ನದು, ಯಾವುದು ಅವಳದು ಅಂತ ಈಗ ನನಗೇ ಬಿಡಿಸಿ ಹೇಳಕ್ಕೆ ಆಗಲ್ಲ.

ಮೊದಲು ಕೈಗೆ ಸಿಕ್ಕಿದ್ದು 'ಗೃಹಭಂಗ'. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡಾಗ ಎಲ್ಲರೂ ಅವರ ದೊಡ್ಡ ಕಾದಂಬರಿಗಳ ಬಗ್ಗೆ, ಅವರ ವಾದಗಳ ಬಗ್ಗೆ ಜಗಳ ಆಡಿಕೊಳ್ಳುತ್ತಿದ್ದರು. ನನಗೆ ನೆನಪಾಗಿದ್ದು ಮಾತ್ರ ನಂಜಮ್ಮ. 1970ರಲ್ಲಿ ಬಂದ ಕಾದಂಬರಿ. ಕಾಲೇಜಿನಲ್ಲಿ ಓದಿದಾಗ ಅಯ್ಯೋ ಪಾಪ ಅನ್ನಿಸಿತ್ತು, ಅಷ್ಟೇ. ಒಲೆ ಮುಂದೆ ನಿಂತು ಓದಿದಾಗ ಭಯ ಆಯಿತು. ಯಾಕೆಂದರೆ ನಂಜಮ್ಮನ ಗಂಡ ಚೆನ್ನಿಗರಾಯ. ಕನ್ನಡ ಕಾದಂಬರಿಗಳಲ್ಲಿ ಇವನಷ್ಟು ಹೆದರಿಸುವ ಇನ್ನೊಬ್ಬ ನನಗೆ ಸಿಕ್ಕಿಲ್ಲ. ಅವನು ದೊಡ್ಡ ದುಷ್ಟನೇನಲ್ಲ. ಉಣ್ಣುತ್ತಾನೆ. ಮಕ್ಕಳಿಗೆ ಉಳಿದಿದೆಯಾ ಅಂತ ನೋಡದೆ, ಎಲ್ಲಿಂದ ಬಂತು ಅಂತ ಕೇಳದೆ ಉಣ್ಣುತ್ತಾನೆ. ರಾವಣನಿಗಾದರೂ ಒಂದು ಆಸೆ, ಒಂದು ಯೋಜನೆ ಅಂತ ಇತ್ತು. ಇವನಿಗೆ ಹಸಿವು ಬಿಟ್ಟು ಬೇರೇನೂ ಇಲ್ಲ. ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ಹೆಂಡತಿ. ಇದನ್ನು ಓದುತ್ತಾ, ಈ ಇಪ್ಪತ್ತು ವರ್ಷದಲ್ಲಿ ನಾನು ಎಷ್ಟು ಸಲ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಇವತ್ತೇನು ತಿಂಡಿ ಅಂತ ಕೂಗಿದ್ದೇನೆ ಅಂತ ಲೆಕ್ಕ ಹಾಕಿ, ಲೆಕ್ಕ ಅರ್ಧಕ್ಕೇ ಬಿಟ್ಟೆ.

ನಂಜಮ್ಮ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಸೇರಿಸಿ, ಊಟದ ಎಲೆ ಹಚ್ಚಿ ಮಾರುವ ಭಾಗ ಬಂದಾಗ ಅಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ಅವಳದ್ದು ಅರಸೀಕೆರೆ ಕಡೆ ಊರು. ಅವಳೂ ಹಚ್ಚಿದವಳೇ. ನಾನು ಓದುವುದನ್ನು ನಿಲ್ಲಿಸಿ ಅವಳು ಪಾಠ ಶುರು ಮಾಡಿದಳು. ಎಲೆ ಕೊಯ್ದು ತಂದು, ಒಣಗಿಸಿ, ಒಂದರ ಮೇಲೊಂದು ಪೇರಿಸಿ, ಮೇಲೆ ಕಲ್ಲು ಹೇರಬೇಕು. ಹಚ್ಚುವ ಮೊದಲು ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಪುಡಿಪುಡಿ. ಕಡ್ಡಿ ಸಣ್ಣಗೆ ಸೀಳಿರಬೇಕು, ದಪ್ಪ ಇದ್ದರೆ ತೂತು ದೊಡ್ಡದಾಗಿ ಸಾರು ಸೋರುತ್ತೆ. ಹೇಳುತ್ತಾ ಹೇಳುತ್ತಾ ಎಡಗೈಯ ಹೆಬ್ಬೆರಳು ತೋರುಬೆರಳು ತಾವಾಗಿಯೇ ಕಡ್ಡಿ ಮುರಿಯುವ ಹಾಗೆ ಆಡುತ್ತಿದ್ದವು. ಬಲಗೈ ಪ್ಲಾಸ್ಟರಿನೊಳಗೆ ಸುಮ್ಮನಿತ್ತು. ನೂರು ಎಲೆ ಹಚ್ಚಿದರೆ ಬೆರಳು ತುದಿ ಹೇಗಾಗಿರುತ್ತೆ ಗೊತ್ತಾ ಅಂದಳು. ಗೊತ್ತಿಲ್ಲ. ಕಾದಂಬರಿಯಲ್ಲಿ ಎಲೆ ಇದೆ, ಕಾಸಿನ ಲೆಕ್ಕವೂ ಇದೆ. ಬೆರಳ ತುದಿಯ ವಿಷಯ ಅಮ್ಮ ಸೇರಿಸಿದಳು.

ನಂಜಮ್ಮನ ಮಗಳು ಪಾರ್ವತಿಯ ಮದುವೆ ಮುಗಿದ ಮೇಲೆ, ಮುಂದೆ ಏನಾಗುತ್ತೆ ಅಂತ ಗೊತ್ತಿದ್ದ ಅಮ್ಮ, ಸಾಕು ಇಡು, ಬೇರೆ ಯಾವುದಾದ್ರೂ ಓದು ಅಂದಳು. ಟೀವಿಯಲ್ಲಿ ಇದೇ ಕಾದಂಬರಿಯ ಮೇಲೆ ಗಿರೀಶ ಕಾಸರವಳ್ಳಿಯವರು ಮಾಡಿದ ಧಾರಾವಾಹಿ ಬರುತ್ತಿದ್ದಾಗಲೂ ಕೊನೆಯ ಕಂತುಗಳನ್ನು ಅವಳು ನೋಡಿರಲಿಲ್ಲವಂತೆ. ಗ್ಯಾಸ್ ಬಿಲ್ಲನ್ನು ಗುರುತಿಗೆ ಇಟ್ಟು ಮುಚ್ಚಿದೆ.

ಆಮೇಲೆ ನಾನೊಬ್ಬನೇ 'ಭಿತ್ತಿ' ತೆಗೆದೆ. ಭೈರಪ್ಪನವರ ಆತ್ಮಕಥೆ, 1996ರದ್ದು. ಕಾದಂಬರಿಯ ಬೇರು ಎಲ್ಲಿದೆ ಅಂತ ಇದನ್ನು ಓದಿದರೆ ಕಾಣುತ್ತೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ, ಪ್ಲೇಗಿಗೆ ಹೋದ ಅಮ್ಮ, ಹೋದ ಒಡಹುಟ್ಟಿದವರು, ಜವಾಬ್ದಾರಿಯೇ ಇಲ್ಲದ ಅಪ್ಪ. ಊರು ಬಿಟ್ಟು, ಮುಂಬಯಿಯಲ್ಲಿ ರೈಲ್ವೆ ಪೋರ್ಟರ್ ಆಗಿ, ಸಾಧುಗಳ ಜೊತೆ ಅಲೆದು, ಮತ್ತೆ ಬಂದು ಓದಿದ ಹುಡುಗ. ಮೊದಲರ್ಧ ಕೈಬಿಡಲು ಆಗುವುದಿಲ್ಲ. ದ್ವಿತೀಯಾರ್ಧ, ಬೈಯಬೇಡಿ, ನನಗೆ ಬೇಜಾರಾಯಿತು. ಗುಜರಾತು, ದೆಹಲಿ, ಮೈಸೂರು ಅಂತ ನೌಕರಿ, ಯಾರು ಏನಂದರು, ತಾನು ಏನು ಉತ್ತರ ಕೊಟ್ಟೆ. ಗೆದ್ದವರ ಆತ್ಮಕಥೆಗಳಲ್ಲೆಲ್ಲ ಇದೊಂದು ಕಾಯಿಲೆ. ಹಸಿದಿದ್ದಾಗ ಸುತ್ತಲಿನವರೆಲ್ಲ ಕಾಣುತ್ತಾರೆ, ಹೊಟ್ಟೆ ತುಂಬಿದ ಮೇಲೆ ಎದುರಾಳಿಗಳು ಮಾತ್ರ ಕಾಣುತ್ತಾರೆ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ವಾರಾನ್ನ. ಬಡ ಹುಡುಗರು ಓದುವುದಕ್ಕೆ ಪಟ್ಟಣಕ್ಕೆ ಬಂದು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ಊಟ ಗೊತ್ತು ಮಾಡಿಕೊಳ್ಳುತ್ತಿದ್ದ ಪದ್ಧತಿ. ನಮ್ಮ ಎಷ್ಟೊಂದು ದೊಡ್ಡವರು ಹೀಗೆ ಉಂಡು ಓದಿದ್ದಾರೆ. ಆತ್ಮಕಥೆಗಳಲ್ಲಿ ಮನೆ ಯಜಮಾನರ ಹೆಸರು ಇರುತ್ತೆ, ಅವರ ದೊಡ್ಡ ಗುಣ ಇರುತ್ತೆ. ಮಂಗಳವಾರ ಒಂದು ಮುಷ್ಟಿ ಅಕ್ಕಿ ಜಾಸ್ತಿ ತೊಳೆದವಳು ಯಾರು? ಆ ದಿನ ಅವಳಿಗೆ ಜ್ವರ ಇದ್ದರೆ? ಹುಡುಗ ಎರಡನೇ ಸಲ ಸಾರು ಕೇಳಿದಾಗ ಪಾತ್ರೆ ತಳ ಕಂಡಿದ್ದರೆ? ಮೊದಲು ಓದುವಾಗ ಇಂಥ ಪ್ರಶ್ನೆಗಳು ನನಗೆ ಬರುತ್ತಲೇ ಇರಲಿಲ್ಲ. ಈಗ ಯಾವ ಪುಸ್ತಕ ತೆಗೆದರೂ ಇದೇ ಶುರು. ಈ ಮನೆಯಲ್ಲಿ ಅಡುಗೆ ಯಾರು ಮಾಡ್ತಿದ್ದಾರೆ, ಬರೆದವನಿಗೆ ಅದು ಗೊತ್ತಾ?

ಕಾದಂಬರಿಗೂ ಆತ್ಮಕಥೆಗೂ ಇರುವ ವ್ಯತ್ಯಾಸವೂ ಇಲ್ಲೇ ಹೊಳೆದದ್ದು. ಆತ್ಮಕಥೆಯಲ್ಲಿ ಅಮ್ಮ ಮಗನಿಗೆ ಕಂಡಷ್ಟೇ. ಅವಳು ಏನು ಯೋಚಿಸಿದಳು ಅಂತ ಬರೆಯುವ ಹಕ್ಕು ಆತ್ಮಕಥೆಗಾರನಿಗೆ ಇಲ್ಲ. ಕಾದಂಬರಿಕಾರ ಆ ಬಾಗಿಲು ತಳ್ಳಿಕೊಂಡು ಒಳಗೆ ಹೋಗಬಹುದು. ಅದಕ್ಕೇ ಇರಬೇಕು, ನಿಜ ಅಂತ ಹಣೆಪಟ್ಟಿ ಹಚ್ಚಿಕೊಂಡು ಬಂದ 'ಭಿತ್ತಿ'ಗಿಂತ ನನಗೆ ನಂಜಮ್ಮನೇ ಹೆಚ್ಚು ನಿಜ ಅನ್ನಿಸುತ್ತಾಳೆ.

ಇಷ್ಟು ಹೊತ್ತಿಗೆ ನನ್ನ ಈ ಅಡುಗೆಮನೆ ಸಿದ್ಧಾಂತದ ಬಗ್ಗೆ ಸ್ವಲ್ಪ ಜಂಬ ಬಂದಿತ್ತು. ಅದನ್ನು ಇಳಿಸಿದ್ದು ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. ತೆಳ್ಳಗಿನ ಪುಸ್ತಕ. ಶುರುವಿನಲ್ಲೇ ಒಂದು ದೃಶ್ಯ. ಮಾಗಡಿ ತಾಲ್ಲೂಕಿನ ಮಂಚನಬೆಲೆ, ಅಯ್ನೋರ ಹೊಲ, ಉಳುಮೆ ನಡೀತಿದೆ. ನೊಗ ಎತ್ತುಗಳ ಹೆಗಲ ಮೇಲಿಲ್ಲ, ಇಬ್ಬರು ಮನುಷ್ಯರ ಹೆಗಲ ಮೇಲಿದೆ. ನೋಡುತ್ತಾ ನಿಂತ ಹುಡುಗನಿಗೆ ಮೊದಲು ವಿಚಿತ್ರ ಅನ್ನಿಸುತ್ತೆ. ಆಮೇಲೆ ಆ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ ಅಂತ ಗೊತ್ತಾಗುತ್ತೆ. ಇಷ್ಟನ್ನು ಅವರು ದನಿ ಎತ್ತದೆ ಬರೆದಿದ್ದಾರೆ. 1975ರ 'ಹೊಲೆಮಾದಿಗರ ಹಾಡು' ಸಂಕಲನದಲ್ಲಿ ಬೆಂಕಿ ಉಗುಳಿದ ಕವಿಯೇ ಇವರು. ಇಲ್ಲಿ ಮಾತ್ರ ನಗಿಸುತ್ತಾರೆ. ಬೆಂಗಳೂರಿನ ಶ್ರೀರಾಂಪುರ, ಹಾಸ್ಟೆಲ್ಲು, ಓದುವುದಕ್ಕೆ, ಬರೆಯುವುದಕ್ಕೆ, ಸುಮ್ಮನೆ ಕೂರುವುದಕ್ಕೂ ಅವರಿಗೆ ಇಷ್ಟವಾಗುತ್ತಿದ್ದ ಸ್ಮಶಾನ. ಸ್ಮಶಾನದ ಭಾಗ ಓದುವಾಗ ನನಗೆ ನಗು ತಡೆಯಲಾಗದೆ ಮುದ್ದೆ ಗಂಟಾಯಿತು. ಅದೂ ಎರಡನೇ ಸಲ.

ಅಮ್ಮ ನಗಲಿಲ್ಲ. ನೊಗದ ದೃಶ್ಯದಿಂದ ಅವಳು ಈಚೆ ಬಂದೇ ಇರಲಿಲ್ಲ. ಸುಮಾರು ಹೊತ್ತಾದ ಮೇಲೆ, ನಮ್ಮಜ್ಜಿ ಮನೇಲಿ ಕೆಲಸಕ್ಕೆ ಬರೋರು ಹಿತ್ತಿಲ ಬಾಗಿಲಲ್ಲಿ ನಿಲ್ತಿದ್ರು, ಮಜ್ಜಿಗೇನ ಮೇಲಿಂದ ಹುಯ್ತಿದ್ರು, ಅವರು ಬೊಗಸೆ ಒಡ್ಡಬೇಕಿತ್ತು, ನಾನೂ ಹುಯ್ದಿದೀನಿ ಕಣೋ ಅಂದಳು. ಅದಕ್ಕೆ ಮುಂದೆ ಏನೂ ಸೇರಿಸಲಿಲ್ಲ. ನಾನೂ ಏನೂ ಹೇಳಲಿಲ್ಲ. ಅಡುಗೆ ಯಾರು ಮಾಡ್ತಿದ್ದಾರೆ ಅಂತ ಕೇಳಿದರೆ ಸಾಲದು, ಯಾರನ್ನು ಬಾಗಿಲ ಆಚೆ ನಿಲ್ಲಿಸಿದ್ದರು ಅಂತಲೂ ಕೇಳಬೇಕಿತ್ತು. ನಂಜಮ್ಮನ ಮನೆಯ ಹಿತ್ತಿಲಲ್ಲೂ ಯಾರೋ ನಿಂತಿರಬಹುದು. ನಾನು ಆ ಕಡೆ ನೋಡಿರಲಿಲ್ಲ.

ಬಾಗಿಲು ಅಂದಾಗ ವಿವೇಕ ಶಾನಭಾಗರ 'ಘಾಚರ್ ಘೋಚರ್' ಬರಲೇಬೇಕು. 2013ರದ್ದು, ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ಮಾಡಿದ ಮೇಲೆ ದೇಶವಿದೇಶ ಸುತ್ತಿ ಬಂತು. ಒಂದೇ ಮಧ್ಯಾಹ್ನ ಓದಿ ಮುಗಿಸಬಹುದು. ಇರುವೆ ಕಾಟದ ಚಿಕ್ಕ ಮನೆಯಿಂದ, ಮಸಾಲೆ ವ್ಯಾಪಾರದ ದುಡ್ಡು ಬಂದು, ದೊಡ್ಡ ಮನೆಗೆ ಹೋದ ಬೆಂಗಳೂರಿನ ಒಂದು ಕುಟುಂಬ. ದುಡಿಯುವವನು ಚಿಕ್ಕಪ್ಪ ಒಬ್ಬನೇ, ಅವನನ್ನು ಕಾಯುವ ಕೆಲಸ ಉಳಿದವರದ್ದು. ಒಂದು ದಿನ ಒಬ್ಬ ಹೆಂಗಸು ಅವನಿಗೆ ಇಷ್ಟ ಅಂತ ಮಸೂರ್ ದಾಲ್ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಈ ಮನೆಯ ಹೆಂಗಸರು ಅವಳನ್ನು ಏನು ಮಾಡಿ ಕಳಿಸುತ್ತಾರೆ ಅನ್ನುವ ಆ ಕೆಲವು ಪುಟಗಳಿಗಾಗಿ ನಾನು ಈ ಪುಸ್ತಕವನ್ನು ಎಲ್ಲರಿಗೂ ಕೊಡುತ್ತೇನೆ. ಚೆಲ್ಲಿದ ದಾಲಿನ ವಾಸನೆ ಮೂಗಿಗೆ ಬರುತ್ತೆ. ಹೊಟ್ಟೆ ಚುರ್ ಅನ್ನುವಷ್ಟು ಒಳ್ಳೆಯ ವಾಸನೆ, ಅದೇ ಕಷ್ಟ. ಅಡುಗೆಮನೆಯ ಹೆಂಗಸರೆಲ್ಲ ನಂಜಮ್ಮನ ಥರ ದೇವತೆಗಳು ಅಂತ ನಾನು ಸುಮ್ನೆ ಭಾವುಕನಾಗುತ್ತಿದ್ದಾಗ ಸರಿಯಾದ ಹೊತ್ತಿಗೆ ತಲೆ ಮೇಲೆ ಮೊಟಕಿದ ಪುಸ್ತಕ. ಅಮ್ಮನಿಗೆ ಇಷ್ಟವಾಗಲಿಲ್ಲ. ಆಮೇಲೆ ಏನಾಯ್ತು ಅಂತ ಹೇಳೋದೇ ಇಲ್ವಲ್ಲ, ದುಡ್ಡು ತಗೊಂಡು ಪೂರ್ತಿ ಕಥೆ ಕೊಡಬೇಕಲ್ವಾ ಅಂದಳು. ಘಾಚರ್ ಘೋಚರ್ ಅಂದರೆ ದಾರ ಸಿಕ್ಕಾಗಿ ಬಿಡಿಸಲಾಗದ್ದು ಅಂತ ಅರ್ಥ ಹೇಳಿದ್ದಕ್ಕೆ, ಸಿಕ್ಕು ಅಂದ್ರೆ ಸಾಕಾಗ್ತಿರ್ಲಿಲ್ವಾ ಅಂತ ಬೇರೆ.

ವಸುಧೇಂದ್ರರ 'ತೇಜೋ ತುಂಗಭದ್ರಾ' ಮಾತ್ರ ಉಲ್ಟಾ. ಅವಳಿಗೆ ತುಂಬಾ ಹಿಡಿಸಿತು, ನನಗೆ ಅಷ್ಟಕ್ಕಷ್ಟೇ. ಲಿಸ್ಬನ್ನಿನಿಂದ ವಿಜಯನಗರದವರೆಗೆ ಐನೂರು ವರ್ಷ ಹಿಂದಿನ ಕಥೆ, 2019ರಲ್ಲಿ ಬಂದದ್ದು. ನಮ್ಮ ಒಗ್ಗರಣೆ ಡಬ್ಬಿಯ ಕರಿಮೆಣಸಿಗಾಗಿ ಅಷ್ಟು ದೂರದಿಂದ ಹಡಗು ಕಟ್ಟಿಕೊಂಡು ಬಂದು ಸಾಯುತ್ತಾರಲ್ಲ ಅಂತ ಅಮ್ಮ ಎರಡು ದಿನ ಮೆಣಸಿನ ಸಾರೇ ಮಾಡಿಸಿದಳು. ಲೇಖಕರ ಶ್ರಮ ಎದ್ದು ಕಾಣುತ್ತೆ. ನನ್ನ ತಕರಾರೂ ಅದೇ. ಸತಿ, ಒಡೆಯನಿಗಾಗಿ ಪ್ರಾಣ ಕೊಡುವ ಲೆಂಕ, ಯಹೂದಿಗಳ ಮೇಲಿನ ಹಿಂಸೆ, ಗೋವೆಯ ಯುದ್ಧ, ಒಂದಾದ ಮೇಲೊಂದು ಕ್ರೌರ್ಯ ಬಂದು ಬಂದು ನಾನೂರನೇ ಪುಟದ ಹತ್ತಿರ ನನಗೆ ಮನಸ್ಸು ಮರಗಟ್ಟಿತು. ಆದರೂ ಹಗಲೂ ರಾತ್ರಿ ಪುಟ ತಿರುಗಿಸಿದೆ ಅನ್ನೋದೂ ನಿಜ.

'ಕುದಿ ಎಸರು' ಗಟ್ಟಿಯಾಗಿ ಓದಲು ಆಗಲಿಲ್ಲ. ಡಾ. ವಿಜಯಾ, ಅಂದರೆ ಪತ್ರಿಕೆ, ನಾಟಕ, ಸಿನಿಮಾ ವಲಯದಲ್ಲೆಲ್ಲ ವಿಜಯಮ್ಮ ಅಂತಲೇ ಕರೆಸಿಕೊಳ್ಳುವವರ ಆತ್ಮಕಥೆ, 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೇ ಬಂತು. ಎಸರು ಅಂದರೆ ಏನು ಅಂತ ಈ ವರ್ಷದ ತನಕ ನನಗೆ ಪದವಾಗಿ ಮಾತ್ರ ಗೊತ್ತಿತ್ತು. ಈಗ ದಿನಾ ರಾಗಿ ಹಿಟ್ಟು ಹಾಕುವ ಮೊದಲು ಅದು ಕೊತಕೊತ ಅನ್ನುವುದನ್ನು ನೋಡುತ್ತಾ ನಿಲ್ಲುತ್ತೇನೆ. ಒಳಗೆ ಏನೂ ಹಾಕಿಲ್ಲ, ಬರೀ ನೀರು, ಆದರೂ ಕುದೀತಿರುತ್ತೆ. ಹೊಡೆತ, ಅನುಮಾನ, ಅವಮಾನ ತುಂಬಿದ ಒಂದು ಮದುವೆ, ಅದರೊಳಗೇ ಮಕ್ಕಳನ್ನು ಬೆಳೆಸಿ, ಕೆಲಸ ಹುಡುಕಿಕೊಂಡು ಹೊರಗೆ ಬಂದದ್ದು. ಅವರು ಅಳುತ್ತಾ ಬರೆದಿಲ್ಲ. ಅಳುತ್ತಾ ಬರೆದಿದ್ದರೆ ಸಮಾಧಾನ ಹೇಳಿ ಪುಸ್ತಕ ಮುಚ್ಚಬಹುದಿತ್ತು. ದಿನಸಿ ಪಟ್ಟಿ ಓದಿದ ಹಾಗೆ ಹೇಳಿಕೊಂಡು ಹೋಗುತ್ತಾರೆ, ನಾವು ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಹತ್ತು ಪುಟ ಓದಿ ಫ್ರಿಜ್ ಮೇಲೆ ಇಡುತ್ತಿದ್ದೆ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಅಮ್ಮ ಊಟದ ಟೇಬಲ್ ಮೇಲೆ ಪುಸ್ತಕ ಹರಡಿ, ಪುಟ ಮಗುಚದ ಹಾಗೆ ಪ್ಲಾಸ್ಟರ್ ಕೈಯನ್ನೇ ಅದರ ಮೇಲೆ ಒತ್ತಿಟ್ಟು ಓದುತ್ತಿದ್ದಳು. ಹನ್ನೆರಡೂವರೆ ಆಗಿತ್ತು. ಮುಗಿಸಿದ ದಿನ ಕೇಳಿದ್ದು ಒಂದೇ ಮಾತು, ಇದನ್ನೆಲ್ಲ ಬರೀಬಹುದಾ? ಬರೆದಿದ್ದಾರಲ್ಲಮ್ಮ ಅಂದೆ. ಹೌದು, ಬರೆದಿದ್ದಾರೆ ಅಂದಳು. ಅಪ್ಪ ಹೋಗಿ ಒಂಬತ್ತು ವರ್ಷ ಆಯಿತು. ನಮ್ಮ ಮನೆಯಲ್ಲಿ ಹೊಡೆತ ಬಡಿತ ಇರಲಿಲ್ಲ. ಏನೂ ಇರಲಿಲ್ಲ ಅಂತ ಹೇಳಲಾರೆ.

ಅದೇ ಬಿಸಿಯಲ್ಲಿ ಲೇಖಕ ಪಿ. ಲಂಕೇಶರ ಹೆಂಡತಿ ಇಂದಿರಾ ಲಂಕೇಶರ 'ಹುಳಿಮಾವು ಮತ್ತು ನಾನು' ತರಿಸಿದೆ. ಲಂಕೇಶರ ಆತ್ಮಕಥೆ 'ಹುಳಿಮಾವಿನ ಮರ' ಓದಿದವರು ಇದನ್ನೂ ಓದಬೇಕು. ಒಂದೇ ಮನೆ, ಎರಡು ಕೋಣೆಯಿಂದ ನೋಡಿದ ಹಾಗೆ. ಮರದ ಬಗ್ಗೆ ಅವರು ಬರೆದರು, ಹಲ್ಲು ಚಳಿ ಹಿಡಿಸಿಕೊಂಡವರು ಇವರು. ಸೀರೆ ಅಂಗಡಿ ನಡೆಸಿ ಸಂಸಾರ ತೂಗಿಸಿದ ಹೆಂಗಸಿನ ಕೈಗೆ ಪೆನ್ನು ಬಂದಾಗ ಅದು ಇಷ್ಟು ಸಲೀಸಾಗಿ, ಇಷ್ಟು ತಮಾಷೆಯಾಗಿ ಓಡುತ್ತೆ ಅಂತ ನಾನು ಎಣಿಸಿರಲಿಲ್ಲ. ಇದರಲ್ಲಿ ಸಾಹಿತ್ಯ ಎಲ್ಲಿದೆ, ಬರೀ ಮನೆ ವಿಷಯ ಅಂತ ಗೆಳೆಯನೊಬ್ಬ ಅಂದ. ಅವನಿಗೆ ಅಡುಗೆ ಬರಲ್ಲ.

ಕೊನೆಯದು ಗಿರೀಶ ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ', 2011. ಶುರುವಾಗುವುದೇ ಊಟದ ಹೊತ್ತಿನಲ್ಲಿ. 1973, ಧಾರವಾಡ. ಮಗ ಹೆಸರು ಮಾಡಿದ್ದಾನೆ. ಅಪ್ಪ ಅಮ್ಮನ ಜೊತೆ ಉಣ್ಣುತ್ತಾ ಕೂತಿದ್ದಾನೆ. ಆಗ ಅಮ್ಮ, ಇವನು ಬೇಡ ಅಂತಲೇ ಆಗ ಅಂದುಕೊಂಡಿದ್ದೆವು ಅನ್ನುವ ಮಾತು ತೆಗೆಯುತ್ತಾರೆ. ಪುಣೆಯಲ್ಲಿ ಕ್ಲಿನಿಕ್ಕಿಗೆ ಹೋಗಿ ಕೂತಿದ್ದರು, ಡಾಕ್ಟರ್ ಬರಲಿಲ್ಲ, ಕಾದು ಕಾದು ವಾಪಸ್ ಬಂದರು. ಆ ದಿನ ಬಾರದ ಡಾ. ಮಧುಮಾಲತಿ ಗುಣೆಯವರಿಗೇ ಪುಸ್ತಕ ಅರ್ಪಣೆ. ಇದಕ್ಕಿಂತ ಒಳ್ಳೆಯ ಶುರು ನಮ್ಮ ಆತ್ಮಕಥೆಗಳಲ್ಲಿ ಇನ್ನೊಂದು ಇಲ್ಲ. ಎಲ್ಲರೂ ಇದನ್ನು ಕಾರ್ನಾಡರ ಬುದ್ಧಿವಂತಿಕೆ ಅನ್ನುತ್ತಾರೆ. ನನಗೆ ಆ ತಾಯಿಯ ಧೈರ್ಯ ಕಾಣುತ್ತೆ. ವಿಧವೆಯಾಗಿ, ಒಂದು ಮಗುವಿನ ತಾಯಿಯಾಗಿ, ಆ ಕಾಲದಲ್ಲಿ ಮತ್ತೆ ಮದುವೆಯಾದ ಹೆಂಗಸು. ಅನ್ನ ಸಾರಿನ ನಡುವೆ ಮಗನಿಗೆ ಇಂಥ ಮಾತು ಹೇಳಿ, ಮುಂದಿನ ತುತ್ತು ಕಲಸಿಕೊಂಡಿರಬೇಕು. ಆಮೇಲೆ ಪುಸ್ತಕ ನಾಟಕ, ಸಿನಿಮಾ, ಯಾರು ಯಾರಿಗೆ ಏನು ಮಾಡಿದರು ಅಂತ ಹರಡಿಕೊಳ್ಳುತ್ತೆ. ಓದಿಸಿಕೊಂಡೇ ಹೋಗುತ್ತೆ, ಕಾರ್ನಾಡರಿಗೆ ಬೇಜಾರು ಮಾಡಲು ಬರುವುದೇ ಇಲ್ಲ. ಆದರೆ ಆ ಊಟದ ತಟ್ಟೆಯ ಮಟ್ಟಕ್ಕೆ ಮತ್ತೆ ಏರುವುದು ಅಪರೂಪ.

ಡಿಸೆಂಬರ್ ಮೊದಲ ವಾರ ಪ್ಲಾಸ್ಟರ್ ಬಿಚ್ಚಿಸಿದೆವು. ಕೈ ತೆಳ್ಳಗೆ, ಬಿಳಿಚಿಕೊಂಡು, ಬೇರೆ ಯಾರದ್ದೋ ಅನ್ನುವ ಹಾಗಿತ್ತು. ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಬಂದಿತ್ತು. ಹಿತಕಿದ ಬೇಳೆ ಸಾರು ಬೇಕು ಅಂದಳು, ಹಿತುಕಲು ಅವಳ ಬೆರಳಿಗೆ ಇನ್ನೂ ಕಸುವಿಲ್ಲ. ರಾತ್ರಿ ನೆನೆಸಿಟ್ಟ ಕಾಳನ್ನು ಬೋಗುಣಿಯಲ್ಲಿ ಮುಂದಿಟ್ಟುಕೊಂಡು ಕೂತೆ. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಸೋಫಾ ಕೆಳಗೆ ಹೋಗುತ್ತೆ. ಎರಡೂ ಕೈ ಒದ್ದೆ, ಓದಲು ಆಗಲ್ಲ. ಸರಿ, ನಾನೇ ಓದ್ತೀನಿ ಅಂತ ಅವಳು ಕನ್ನಡಕ ಹಾಕಿಕೊಂಡು ಎದ್ದು ಹೋಗಿ, ಅಷ್ಟೂ ಪುಸ್ತಕಗಳಲ್ಲಿ 'ಗೃಹಭಂಗ'ವನ್ನೇ ತಂದಳು. ಗ್ಯಾಸ್ ಬಿಲ್ ಇದ್ದ ಪುಟ ತೆಗೆದಳು. ನಾನು ಏನೂ ಅನ್ನಲಿಲ್ಲ. ಒಂದು ಕ್ಷಣ ಆ ಪುಟ ನೋಡಿದಳು. ಅವಳ ಅಮ್ಮ ಹೇಳುತ್ತಿದ್ದರಂತೆ, ಪ್ಲೇಗಿನ ಕಾಲದಲ್ಲಿ ಮನೆಯೊಳಗೆ ಇಲಿ ಬಿದ್ದರೆ ಸಾಕು, ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು ಅಂತ. ಬಿಲ್ಲನ್ನು ಅಲ್ಲೇ ಬಿಟ್ಟು, ಹಿಂದಕ್ಕೆ ಮಗುಚುತ್ತಾ ಮಗುಚುತ್ತಾ ಹೋಗಿ, ನಂಜಮ್ಮ ಮುತ್ತುಗದ ಎಲೆ ಹಚ್ಚುವ ಕಡೆ ನಿಂತು, ಬೆರಳಿಟ್ಟು ಅಲ್ಲಿಂದ ಓದಲು ಶುರು ಮಾಡಿದಳು.